ಎದೆಯ ಎಕ್ಸ್‌ರೇ, ಅಕ್ಕನ ರಂಗೋಲಿ

ನನ್ನ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟು ಗಾತ್ರದ ಒಂದು ಗಂಟಿದೆ. ಇತ್ತು ಅಲ್ಲ, ಇದೆ. ಈ ಸಾಲು ಬರೆಯುವಾಗಲೂ ಅದು ಒಳಗೆ ತನ್ನ ಪಾಡಿಗೆ ಕೂತಿದೆ. ಅದನ್ನು ಯಾರೂ ಕತ್ತರಿಸಿ ತೆಗೆದಿಲ್ಲ, ಸೂಜಿ ಚುಚ್ಚಿಲ್ಲ, ಅದಕ್ಕಾಗಿ ನಾನು ಒಂದು ಮಾತ್ರೆಯನ್ನೂ ನುಂಗಿಲ್ಲ. ಹಾಗಾದರೆ ಬರೆಯುವುದಕ್ಕೇನಿದೆ ಅಂತ ನೀವು ಕೇಳಬಹುದು. ಅದು ಏನು ಅಂತ ಗೊತ್ತಾಗುವ ತನಕ ಹನ್ನೊಂದು ದಿನ ಕಳೆದೆನಲ್ಲ, ಆ ದಿನಗಳ ಬಗ್ಗೆ ಬರೆಯುವುದಿದೆ. ಡಾಕ್ಟರ ಬಾಯಲ್ಲಿ ‘ಗಂಟು’ ಅನ್ನುವ ಮಾತು ಕೇಳಿ ಆಸ್ಪತ್ರೆಯ ಕಬ್ಬಿಣದ ಕುರ್ಚಿಯಲ್ಲಿ ಕೂತಿರುವವರು ಯಾರಾದರೂ ಇದನ್ನು ಓದಿದರೆ, ಪಕ್ಕದ ಕುರ್ಚಿಯಲ್ಲಿ ನಾನೂ ಕೂತಿದ್ದೆ ಅಂತ ಅವರಿಗೆ ಗೊತ್ತಾಗಲಿ.

ನನ್ನ ಹೆಸರು ಹನುಮಂತರಾಯಪ್ಪ, ಮನೆ ಮಧುಗಿರಿಯಲ್ಲಿ. ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ಇಪ್ಪತ್ತೊಂದು ವರ್ಷವಾಯಿತು. ಶಿರಾ, ಕೊರಟಗೆರೆ, ಪಾವಗಡ ಅಂತ ಈ ರಸ್ತೆಗಳಲ್ಲಿ ನಾನು ನಿಂತು ಸವೆಸಿದ್ದೇ ಹೆಚ್ಚು, ಕೂತದ್ದು ಕಡಿಮೆ. ಬಾಯಿ ಸ್ವಲ್ಪ ಜೋರು. ನನ್ನ ಸೀಟಿಯ ಸದ್ದಿಗೆ ಮಲಗಿದ ಮಕ್ಕಳು ಎದ್ದು ಅಳುತ್ತವೆ ಅಂತ ಡ್ರೈವರ್ ನಜೀರ್ ಯಾವಾಗಲೂ ದೂರುತ್ತಾನೆ. ಅಂಥ ಎದೆಯೊಳಗೆ ಏನೋ ಇದೆ ಅಂದರೆ ನಾನಾದರೂ ನಂಬುವುದು ಹೇಗೆ?

ಗೊತ್ತಾದದ್ದು ಕುರಿಗಳಿಂದ. ಶಿರಾ ಹತ್ತಿರ ಒಂದು ಕುರಿಹಿಂಡು ರಸ್ತೆಗೆ ನುಗ್ಗಿತು, ನಜೀರ್ ಗಕ್ಕನೆ ಬ್ರೇಕ್ ಹಾಕಿದ. ನಿಂತಿದ್ದ ನಾನು ಹೋಗಿ ಸೀಟಿನ ಕಂಬಿಗೆ ಬಿದ್ದೆ. ಕುರಿ ಒಂದಕ್ಕೂ ಏನೂ ಆಗಲಿಲ್ಲ, ನನ್ನ ಪಕ್ಕೆಗೆ ಮಾತ್ರ ಏಟು. ನಾನು ಬೇಡವೆಂದರೂ ನಜೀರ್ ಬಿಡದೆ, ಶಿರಾದಲ್ಲಿ ಎಕ್ಸ್‌ರೇ ತೆಗೆಸಿಯೇ ಬಿಟ್ಟ.

ಅಲ್ಲಿನ ಡಾಕ್ಟರು ಫಿಲಂ ನೋಡಿ, “ಪಕ್ಕೆಲುಬು ಚೆನ್ನಾಗಿದೆ” ಅಂದರು. ನಾನು ಅಂಗಿ ಗುಂಡಿ ಹಾಕಿಕೊಳ್ಳತೊಡಗಿದೆ. “ಮೇಲ್ಗಡೆ ಇದೊಂದು ಚುಕ್ಕಿ ಕಾಣ್ತಿದೆಯಲ್ಲ, ಇದೇನೋ ನೋಡಿಸ್ಬೇಕು. ತುಮಕೂರಿಗೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡ್ಸಿ” ಅಂದರು. ಗುಂಡಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿತ್ತು. ಹೊರಗೆ ಬಂದ ಮೇಲೆ ನಜೀರ್ ಅದನ್ನು ಬಿಚ್ಚಿ ಸರಿಯಾಗಿ ಹಾಕಿದ. “ಯಾ ಅಲ್ಲಾ, ನಾನು ಬ್ರೇಕ್ ಹಾಕಿದ್ದೇ ತಪ್ಪಾಯ್ತಾ ಭಾಯ್?” ಅಂದ. ಅವನ ಕಣ್ಣಲ್ಲಿ ನೀರು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಹೆದರುವುದಕ್ಕೆ ಕಾರಣವಿತ್ತು. ನಮ್ಮಪ್ಪ ಬೀಡಿ ಸೇದುತ್ತಿದ್ದವರು, ಎದೆಯ ಕ್ಯಾನ್ಸರಿನಲ್ಲೇ ಹೋದರು. ನಾನೂ ಸೇದುತ್ತಿದ್ದೆ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಬೀಡಿಕಟ್ಟನ್ನು ಒಲೆಗೆ ಹಾಕಿದವನು ಮತ್ತೆ ಮುಟ್ಟಿಲ್ಲ. ಅಪ್ಪನ ಕೊನೆಯ ಒಂಬತ್ತು ತಿಂಗಳು ಅವರನ್ನು ನೋಡಿಕೊಂಡವಳು ನನ್ನ ಅಕ್ಕ ಲಕ್ಷ್ಮಕ್ಕ. ಪಾವಗಡದ ಕಡೆ ತಿರುಮಣಿಗೆ ಕೊಟ್ಟಿದ್ದು ಅವಳನ್ನು. ನಾನು ಡ್ಯೂಟಿ, ರಜೆ ಇಲ್ಲ ಅಂದುಕೊಂಡು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಅಪ್ಪನ ಕಾಲು ಮುಟ್ಟಿ ಬರುತ್ತಿದ್ದೆ. ಅವಳು ಕಫದ ಬಟ್ಟಲು ಹಿಡಿದು ಪಕ್ಕದಲ್ಲೇ ಇದ್ದಳು. ಆ ಒಂಬತ್ತು ತಿಂಗಳಲ್ಲಿ ಅವಳ ತಲೆ ಅರ್ಧ ಬೆಳ್ಳಗಾಯಿತು.

ಹಾಗಾಗಿ ನಾನೂ ನನ್ನ ಹೆಂಡತಿ ಗಿರಿಜಾಳೂ ಮೊದಲು ಮಾಡಿದ ತೀರ್ಮಾನ ಒಂದೇ, ಅಕ್ಕನಿಗೆ ಹೇಳಕೂಡದು. ಇನ್ನೊಂದು ಸಲ ಅದನ್ನೆಲ್ಲ ಅವಳ ತಲೆಯ ಮೇಲೆ ಹೇರುವುದು ಬೇಡ ಅಂತ. ನಾವು ತುಂಬ ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದೆವು.

ತುಮಕೂರಿನ ಆಸ್ಪತ್ರೆಯಲ್ಲಿ ಸಿ.ಟಿ. ಆದ ಮೇಲೆ ಶ್ವಾಸಕೋಶದ ಡಾಕ್ಟರಿಗಾಗಿ ಕಾಯಬೇಕಿತ್ತು. ದಿನಕ್ಕೆ ಐನೂರು ಜನರನ್ನು ‘ಒಳಗೆ ಹೋಗ್ರಿ, ಒಳಗೆ ಹೋಗ್ರಿ’ ಅಂತ ತಳ್ಳುವ ನನಗೆ, ಯಾರೋ ನನ್ನ ಹೆಸರು ಕೂಗುವ ತನಕ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಗಿರಿಜ ನನ್ನ ಫೈಲನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದಳು. ಕೆಮ್ಮಿದವರನ್ನೆಲ್ಲ ತಿರುಗಿ ನೋಡುತ್ತಿದ್ದಳು, ಮತ್ತೆ ನನ್ನ ಮುಖ ನೋಡುತ್ತಿದ್ದಳು.

ಎದುರಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದವಳು ಕೊನೆಗೆ ಕೇಳಿಯೇಬಿಟ್ಟಳು. “ನೀನು ಐ.ಡಿ.ಹಳ್ಳಿ ಬಸ್ಸಿನ ಕಂಡಕ್ಟ್ರಲ್ವೇನಪ್ಪ?”

ಹೌದಮ್ಮ ಅಂದೆ.

“ಅಂಗನ್ನು ಮತ್ತೆ! ಒಂದ್ಸಲ ಕಡ್ಲೆಕಾಯಿ ಮೂಟೆ ಐತೆ ಅಂದಿದ್ಕೆ, ಸ್ಟಾಪಿಲ್ದಿದ್ರೂ ನಮ್ಮ ಹೊಲದ್ತಾವೇ ಇಳಿಸ್ದೆ ಕಣಪ್ಪ. ಬಯ್ಕಂಡು ಬಯ್ಕಂಡೇ ಇಳಿಸ್ದೆ, ಆದ್ರೂ ಇಳಿಸ್ದೆ.” ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಬೇಯಿಸಿದ ಕಡಲೆಕಾಯಿ ನನ್ನ ಕೈಗೆ ಸುರಿದಳು. “ತಿನ್ನು. ಖಾಲಿ ಹೊಟ್ಟೆಗೆ ಭಯ ಜಾಸ್ತಿ ಆಯ್ತದೆ.”

ಆ ಅಜ್ಜಿಗೆ ಏನಾಗಿತ್ತೋ ನಾನು ಕೇಳಲಿಲ್ಲ, ಕೇಳಬೇಕಿತ್ತು. ಆ ದಿನ ನನ್ನ ಗಂಟಲಲ್ಲಿ ಇಳಿದದ್ದು ಅವಳ ಕಡಲೆಕಾಯಿ ಒಂದೇ. ಯಾವತ್ತೋ ಬಯ್ದುಕೊಂಡು ಮಾಡಿದ ಉಪಕಾರಕ್ಕೂ ಇಷ್ಟು ರುಚಿಯಾದ ಪ್ರತಿಫಲ ಸಿಗುತ್ತದೆ ಅಂತ ಗೊತ್ತಿದ್ದರೆ, ಇನ್ನೂ ಹತ್ತು ಜನರನ್ನು ಹೊಲದ ಹತ್ತಿರ ಇಳಿಸಿರುತ್ತಿದ್ದೆ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, ನನ್ನ ಎದೆಯನ್ನು ಈರುಳ್ಳಿ ಹೆಚ್ಚಿದಂತೆ ಬಿಲ್ಲೆ ಬಿಲ್ಲೆಯಾಗಿ ತೋರಿಸಿದರು. “ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಅಲ್ಲವೇ ಅಲ್ಲ, ಮೊದಲು ಅದನ್ನ ತಲೆಗೆ ಹಾಕ್ಕೊಳಿ” ಅಂದರು. ಕೆಲವು ಗಂಟು ಮಂಜು ಹಿಡಿದ ಗಾಜಿನ ಹಾಗೆ ಮಬ್ಬಾಗಿರುತ್ತವಂತೆ, ಕೆಲವು ಪೂರ್ತಿ ಗಟ್ಟಿ, ಕೆಲವು ಅರ್ಧ ಮಬ್ಬು ಅರ್ಧ ಗಟ್ಟಿ. ಈ ಅರ್ಧಂಬರ್ಧದ ಗಿರಾಕಿಗಳ ಮೇಲೆ ಡಾಕ್ಟರಿಗೆ ಹೆಚ್ಚು ಕಣ್ಣು. ಅಂಚು ಮುಳ್ಳುಮುಳ್ಳಾಗಿದ್ದರೆ ಅನುಮಾನ, ನುಣುಪಾಗಿದ್ದರೆ ಸ್ವಲ್ಪ ಸಮಾಧಾನ. ನಡುವಿನಲ್ಲಿ ಸುಣ್ಣ ಕಟ್ಟಿದ್ದರೆ ಯಾವುದೋ ಹಳೆಯ ಸೋಂಕು ಬಿಟ್ಟುಹೋದ ಕಲೆ ಅಂತ ಧೈರ್ಯವಾಗಿ ಹೇಳಬಹುದು.

“ನಂದು ಯಾವ ಜಾತಿದು ಮೇಡಂ?” ಅಂತ ಕೇಳಿದೆ.

“ನಿಮ್ಮದು ಗಟ್ಟಿ, ಅಂಚು ನುಣುಪು. ಅದು ಒಳ್ಳೇದು. ಆದ್ರೆ ಸುಣ್ಣ ನಡುವೆ ಇಲ್ಲ, ಒಂದು ಮಗ್ಗುಲಲ್ಲಿದೆ. ಶ್ವಾಸಕೋಶದ ಮೇಲ್ಭಾಗದಲ್ಲಿದೆ, ನೀವು ಬೀಡಿ ಸೇದಿದ್ದೀರಿ, ತಂದೆಗೆ ಇತ್ತು. ಅದಕ್ಕೇ ನಾನು ಈಗ್ಲೇ ಹೌದು ಅಂತ್ಲೂ ಹೇಳಲ್ಲ, ಇಲ್ಲ ಅಂತ್ಲೂ ಹೇಳಲ್ಲ.”

ಮುಂದೆ ಎರಡು ದಾರಿ. ಎದೆಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿಸುವುದು. ಅದರಲ್ಲಿ ಶ್ವಾಸಕೋಶದ ಗಾಳಿ ಸೋರುವ ಅಪಾಯ ಸ್ವಲ್ಪ ಇದೆ. ಇಲ್ಲವೇ ಮೂರು ತಿಂಗಳು ಕಾದು ಇನ್ನೊಂದು ಸ್ಕ್ಯಾನ್ ಮಾಡಿ, ಬೆಳೆದಿದೆಯೋ ನೋಡುವುದು. ಮೂರು ತಿಂಗಳು! ಐದು ನಿಮಿಷ ಬಸ್ಸು ತಡವಾದರೆ ಕಂಟ್ರೋಲರ್ ಜೊತೆ ಜಗಳಕ್ಕೆ ನಿಲ್ಲುವವನು ನಾನು. ಗಿರಿಜ ನನ್ನ ಕೈ ಹಿಡಿದುಕೊಂಡಳು.

ಆಗ ಡಾಕ್ಟರು ಇನ್ನೊಂದು ಮಾತು ಕೇಳಿದರು. “ನಿಮ್ಮ ಹತ್ರ ಹಳೇ ಎಕ್ಸ್‌ರೇ ಏನಾದ್ರೂ ಇದೆಯಾ? ಎಷ್ಟು ಹಳೇದಾದ್ರೂ ಪರವಾಗಿಲ್ಲ. ಈ ಗಂಟು ಆಗ್ಲೂ ಇದ್ದು, ಇಷ್ಟೇ ಇದ್ರೆ, ನಮಗೆ ಅದಕ್ಕಿಂತ ಒಳ್ಳೇ ಸುದ್ದಿ ಇಲ್ಲ. ಒಂದು ವಾರ ಹುಡುಕಿ, ಸಿಗದಿದ್ರೆ ಸೂಜಿ ಹಾಕೋಣ.”

ಇತ್ತು! ಕೆಲಸಕ್ಕೆ ಸೇರುವಾಗ ವೈದ್ಯಕೀಯ ಪರೀಕ್ಷೆಗೆ ತೆಗೆಸಿದ್ದ ಎದೆಯ ಎಕ್ಸ್‌ರೇ. ಅವತ್ತು ‘ಫಿಟ್’ ಅಂತ ಬರೆದುಕೊಟ್ಟು ಫಿಲಂ ನನ್ನ ಕೈಗೇ ಕೊಟ್ಟಿದ್ದರು. ಕೆಲಸ ಸಿಕ್ಕಿದ ಖುಷಿಗೆ ಅದನ್ನೂ ಆರ್ಡರಿನ ಜೊತೆ ಟ್ರಂಕಿನಲ್ಲಿಟ್ಟಿದ್ದೆ.

ಮನೆಗೆ ಬಂದು ಟ್ರಂಕು ಬೋರಲು ಹಾಕಿದೆ. ಆರ್ಡರ್ ಸಿಕ್ಕಿತು, ಮದುವೆಯ ಲಗ್ನಪತ್ರಿಕೆ ಸಿಕ್ಕಿತು, ಫಿಲಂ ಇಲ್ಲ. ಎರಡು ದಿನ ಅಟ್ಟ, ಬೀರು, ಹಾಸಿಗೆಯ ಅಡಿ, ಎಲ್ಲ ಜಾಲಾಡಿದೆವು. ಮೂರನೇ ದಿನ ಗಿರಿಜ, “ಇದು ಸಿಗೋ ಹಂಗಿಲ್ಲ, ನಡೀರಿ ಸಿದ್ದರಬೆಟ್ಟಕ್ಕೆ ಹೋಗಿ ಬರನ” ಅಂದಳು. ಅವಳ ತವರು ಕೊರಟಗೆರೆ, ಎಂಥ ಕಷ್ಟ ಬಂದರೂ ಅವಳಿಗೆ ಆ ಬೆಟ್ಟ ಹತ್ತಬೇಕು. ನಾನು ಒಂದೊಂದು ಮೆಟ್ಟಿಲಿಗೂ ನನ್ನ ಉಸಿರನ್ನೇ ಕೇಳಿಸಿಕೊಳ್ಳುತ್ತ ಹತ್ತಿದೆ. ಏದುಸಿರು ಬಂತು, ಆದರೆ ನನಗಿಂತ ಹತ್ತು ವರ್ಷ ಚಿಕ್ಕವರಿಗೂ ಬರುತ್ತಿತ್ತು. ಮೇಲೆ ದೇವರ ಮುಂದೆ ಗಿರಿಜ ತುಂಬ ಹೊತ್ತು ಕಣ್ಣು ಮುಚ್ಚಿದ್ದಳು. ನಾನು ಕಣ್ಣು ಮುಚ್ಚಲಿಲ್ಲ, ಅವಳನ್ನೇ ನೋಡುತ್ತ ನಿಂತಿದ್ದೆ.

ಇಳಿಯುವಾಗ ದಾರಿಯಲ್ಲಿ ಯಾರದೋ ಅಂಗಡಿಯ ಮುಂದೆ ರಂಗೋಲಿ ಹಾಕಿದ್ದರು. ಗಿರಿಜ ಗಕ್ಕನೆ ನಿಂತಳು. “ರೀ! ನಿಮ್ಮಕ್ಕ ತಗಂಡೋದ್ರಲ್ರೀ! ಆಗ ಹಬ್ಬಕ್ಕೆ ಬಂದಿದ್ರಲ್ಲ, ರಂಗೋಲಿ ಅಚ್ಚು ಮಾಡ್ಕಂತೀನಿ ಅಂತ!”

ನನಗೂ ನೆನಪಾಯಿತು. ನಮ್ಮ ಕಡೆ ಹಳೆಯ ಎಕ್ಸ್‌ರೇ ಫಿಲಂ ಸಿಕ್ಕರೆ ಹೆಂಗಸರು ಬಿಡುವುದಿಲ್ಲ. ಕಾಯಿಸಿದ ಮೊಳೆಯಿಂದ ಅದರಲ್ಲಿ ಚಿತ್ರದ ಸಾಲಿಗೆ ತೂತು ಸುಡುತ್ತಾರೆ. ಹೊಸಲಿನ ಮುಂದೆ ಹಾಸಿ ಪುಡಿ ಉದುರಿಸಿ ಎತ್ತಿದರೆ, ಬಗ್ಗಿದ ಸೊಂಟ ನೋಯುವುದರೊಳಗೆ ರಂಗೋಲಿ ತಯಾರು. ಅಕ್ಕ ನನ್ನ ಎದೆಯ ಫಿಲಂನಲ್ಲಿ ಎಂಟು ದಳದ ತಾವರೆ ಸುಟ್ಟಿದ್ದಳು. ನಾನೇ ಒಲೆಯ ಮುಂದೆ ಕೂತು ಮೊಳೆ ಕಾಯಿಸಿಕೊಟ್ಟಿದ್ದೆ.

ಅಂದರೆ ಈಗ ಅಕ್ಕನ ಮನೆಗೇ ಹೋಗಬೇಕು. ಆದರೆ ವಿಷಯ ಹೇಳಬಾರದು. ಗಿರಿಜಾಳಿಗೆ ಅಚ್ಚು ಬೇಕಂತೆ ಅಂತ ಸುಳ್ಳು ಹೇಳುವುದು ಅಂತ ನಿರ್ಧರಿಸಿ, ನನ್ನದೇ ರೂಟಿನ ಬಸ್ಸಿನಲ್ಲಿ ಟಿಕೆಟ್ ತಗೊಂಡು ಕೂತು ಪಾವಗಡಕ್ಕೆ ಹೋದೆ. ಅಲ್ಲಿಂದ ತಿರುಮಣಿ. ಭಾವನ ಹೊಲ ಸೋಲಾರ್ ಕರೆಂಟಿನ ಪಾರ್ಕಿಗೆ ಹೋಗಿದೆ, ರಸ್ತೆಯ ಎರಡು ಕಡೆಗೂ ಬರೀ ಗಾಜಿನ ಹಲಗೆ. ಅಕ್ಕನ ಮನೆಯ ಮುಂದೆ ತಾವರೆ ಆಗಲೇ ಅರಳಿತ್ತು, ನಾನು ಅದನ್ನು ಬಳಸಿಕೊಂಡು ಒಳಗೆ ಹೋದೆ.

ನೀರು ಕುಡಿದು ಸುಳ್ಳು ಶುರು ಮಾಡಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

“ಏಮಿರಾ ಹನುಮ, ಗಿರಿಜ ಹೊಸ್ಲಿಗೆ ಸ್ಟಿಕ್ಕರ್ ಅಂಟಿಸ್ಕಂಡಿರೋಳು. ಅವಳಿಗ್ಯಾಕೋ ಅಚ್ಚು?”

ನಾನು ಮತ್ತೆ ನೀರಿನ ಲೋಟಕ್ಕೆ ಕೈ ಹಾಕಿದೆ. ಅಕ್ಕನ ಕಣ್ಣು ನನ್ನ ಚೀಲದ ಮೇಲೆ ಹೋಯಿತು. ಆಸ್ಪತ್ರೆಯ ಫೈಲಿನ ತುದಿ ಹೊರಗೆ ಕಾಣುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ.

“ಅಪ್ಪನ ಫೈಲೂ ಇದೇ ನೀಲಿ ಬಣ್ಣ ಇತ್ತು” ಅಂದಳು.

ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ, ರೇಗಿದಳು. ಹಾಗೆ ರೇಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. “ಅಪ್ಪನ್ನ ನೋಡ್ಕಂಡೋಳಿಗೆ ನಿನ್ನ ನೋಡ್ಕಳಾಕೆ ಬರಲ್ಲ ಅಂದ್ಕಂಡ್ಯಾ? ನಂಗೆ ಭಾರ ಆಗ್ತದೆ ಅಂತ ನೀನ್ಯಾವನೋ ತೂಕ ಹಾಕೋನು? ಆವತ್ತೂ ಇಂಗೇ ವಾರಕ್ಕೊಂದು ದಿನ ಬಂದು ಹೋದೆ, ಈವತ್ತೂ ಸುಳ್ಳು ಹೇಳ್ಕಂಡು ಅಚ್ಚು ಎತ್ಕಂಡು ಹೋಗಾಕೆ ಬಂದಿದ್ದೀಯ. ನಿನ್ನ ಕಷ್ಟ ನಂಗೆ ಬ್ಯಾಡವೇನೋ?”

ನನ್ನ ಜೋರು ಬಾಯಿ ಆ ದಿನ ಎಲ್ಲಿ ಹೋಗಿತ್ತೋ. ತಪ್ಪಾಯ್ತಕ್ಕ ಅಂದೆ. ಅಪ್ಪನ ಕಾಲಕ್ಕೂ ಸೇರಿಸಿಯೇ ಅಂದೆ, ಅದು ಅವಳಿಗೆ ಗೊತ್ತಾಯಿತು. ಅವಳು ಎದ್ದು ಗೋಡೆಯ ಮೊಳೆಯಿಂದ ಅಚ್ಚನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿದಳು. ಆಮೇಲೆ ತನ್ನ ಚೀಲಕ್ಕೂ ಎರಡು ಸೀರೆ ಹಾಕಿಕೊಂಡಳು. “ನಡಿ, ನಾನೂ ಬತ್ತೀನಿ” ಅಂದಳು.

ಹನ್ನೊಂದನೇ ದಿನ ನಾವು ನಾಲ್ಕು ಜನ ಡಾಕ್ಟರ ಪುಟ್ಟ ಕೋಣೆಯಲ್ಲಿದ್ದೆವು. ನಾನು, ಗಿರಿಜ, ಅಕ್ಕ, ರಜೆ ಹಾಕಿ ಬಂದಿದ್ದ ನಜೀರ್. ಡಾಕ್ಟರು ಫಿಲಂ ಅನ್ನು ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ ಹಾಕಿದರು. ನನ್ನ ಕಪ್ಪು ಎದೆಗೂಡಿನ ತುಂಬ ನೂರಾರು ಬಿಳಿ ಚುಕ್ಕಿ ಫಳಫಳ ಹೊಳೆದವು. ಭುಜದಿಂದ ಹೊಟ್ಟೆಯವರೆಗೆ ಎಂಟು ದಳದ ತಾವರೆ!

ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಸುಮ್ಮನಾಗಿ ಹತ್ತಿರ ಹೋಗಿ ನೋಡಿದರು. ಮೂಲೆಯಲ್ಲಿ ನನ್ನ ಹೆಸರು, ತಾರೀಖು ಸರಿಯಾಗಿತ್ತು. ಆದರೆ ಎಕ್ಸ್‌ರೇಯಲ್ಲಿ ಗಂಟೂ ಬಿಳಿ, ತೂತೂ ಬಿಳಿ. “ಇಷ್ಟು ಚುಕ್ಕಿಗಳಲ್ಲಿ ಗಂಟು ಯಾವುದು ಅಂತ ಹೇಗಮ್ಮ ಹುಡುಕೋದು?” ಅಂದರು. ಗಿರಿಜ ನನ್ನ ತೋಳು ಬಿಗಿಯಾಗಿ ಹಿಡಿದಳು. ಸೂಜಿಯೇ ಗತಿ ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

ಅಕ್ಕ ಮುಂದೆ ಬಂದಳು. “ಯಾವ ಕಡೆ ಐತೆ ಅಂದ್ರಿ ಇವನ ಗಂಟು?”

ಡಾಕ್ಟರು ಬಲ ಶ್ವಾಸಕೋಶದ ಮೇಲ್ಭಾಗಕ್ಕೆ ಕೈ ತೋರಿಸಿದರು. ಅಕ್ಕ ಅಲ್ಲಿದ್ದ ದಳದ ಮೇಲೆ ಬೆರಳು ಎಳೆಯುತ್ತ ಹೋಗಿ ಒಂದು ಚುಕ್ಕಿಯ ಮೇಲೆ ನಿಲ್ಲಿಸಿದಳು.

“ಇದು ತೂತಲ್ಲ ಕಣಮ್ಮ. ಬೆಳಕಿಗೆ ಹಿಡ್ಕಂಡು ಸುಡ್ತಾ ಇದ್ದೆ. ಇದು ಆಗ್ಲೇ ಬೆಳ್ಳಗೆ ಕಾಣ್ತು, ಸುಟ್ಟಾಗೈತೆ ಅಂದ್ಕಂಡು ಮುಂದಕ್ಕೋದೆ. ಬೇರೆದಕ್ಕಿಂತ ಸ್ವಲ್ಪ ದಪ್ಪಕಿತ್ತು, ಮೊಳೆ ಜಾಸ್ತಿ ಕಾದೈತೆ ಅಂದ್ಕಂಡೆ. ಆಮೇಲೆ ಪುಡಿ ಉದುರಿಸಿದ್ರೆ ಇದೊಂದು ಬೀಳ್ಳೇ ಇಲ್ಲ. ಇಪ್ಪತ್ತು ವರ್ಷದಿಂದ ಈ ಚುಕ್ಕಿನ ದಿನಾ ಕೈಯಾಗೆ ಇಕ್ತಾ ಇದ್ದೀನಿ.”

ಡಾಕ್ಟರು ಆ ಚುಕ್ಕಿಯ ಮೇಲೆ ಬೆರಳಾಡಿಸಿದರು. ಉಳಿದವುಗಳ ಅಂಚು ಉಗುರಿಗೆ ತಾಕುತ್ತಿತ್ತು, ಇದು ನುಣ್ಣಗಿತ್ತು. ಸ್ಕೇಲಿಟ್ಟು ಅಳೆದರು, ಹೊಸ ಎಕ್ಸ್‌ರೇ ಪಕ್ಕದಲ್ಲಿ ಸಿಕ್ಕಿಸಿ ಅದನ್ನೂ ಅಳೆದರು. ಫಿಲಂ ಎತ್ತಿಕೊಂಡು ಇನ್ನೊಬ್ಬ ಹಿರಿಯ ಡಾಕ್ಟರಿಗೆ ತೋರಿಸಲು ಹೋದರು. ಆ ಹತ್ತು ನಿಮಿಷ ನಾಲ್ಕೂ ಜನ ನೆಲ ನೋಡುತ್ತ ನಿಂತಿದ್ದೆವು.

ವಾಪಸ್ ಬಂದವರ ಮುಖ ನೋಡಿಯೇ ಗಿರಿಜ ಅತ್ತುಬಿಟ್ಟಳು. ಅದೇ ಜಾಗ, ಅದೇ ಗಾತ್ರ. ಕ್ಯಾನ್ಸರ್ ಆಗಿದ್ದರೆ ಇಪ್ಪತ್ತೊಂದು ವರ್ಷ ಹೀಗೆ ಸುಮ್ಮನೆ ಕೂರುತ್ತಿರಲಿಲ್ಲ ಅಂದರು. ಯಾವುದೋ ಹಳೆಯ ಸೋಂಕಿನ ಕಲೆ. ಸೂಜಿ ಬೇಡ, ಸಮಾಧಾನಕ್ಕೆ ಮುಂದೊಂದು ಸಲ ಸ್ಕ್ಯಾನ್ ಮಾಡಿಸಿದರೆ ಸಾಕು. ಆ ಸ್ಕ್ಯಾನೂ ಈಗ ಆಗಿದೆ, ಗಂಟು ಒಂದು ಕೂದಲೆಳೆಯೂ ಬೆಳೆದಿಲ್ಲ. ನನ್ನ ಬಸ್ಸಿನಲ್ಲೂ ಇಂಥ ಪ್ರಯಾಣಿಕರಿರುತ್ತಾರೆ, ಹತ್ತಿದ್ದೂ ಗೊತ್ತಾಗುವುದಿಲ್ಲ, ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾರೆ. ಮಲಗಿರಲಿ ಬಿಡಿ.

“ನೋಡಿದ್ಯಾ, ನಾನು ಬ್ರೇಕ್ ಹಾಕಿದ್ದಕ್ಕೇ ಎಲ್ಲಾ ಗೊತ್ತಾಗಿದ್ದು” ಅಂತ ನಜೀರ್ ಆ ದಿನದಿಂದ ಶಿರಾ ಡಿಪೋ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ. ಹೇಳಿಕೊಳ್ಳಲಿ. ಅವನ ಋಣ, ಕಡಲೆಕಾಯಿ ಕೊಟ್ಟ ಅಜ್ಜಿಯ ಋಣ, ಆತುರ ಮಾಡದೆ ಹಳೆಯದನ್ನು ಹುಡುಕಿ ಅಂದ ಆ ಡಾಕ್ಟರ ಋಣ, ಯಾವುದನ್ನೂ ನಾನು ತೀರಿಸಲಾರೆ. ಆದರೆ ಓದುವವರಿಗೆ ಒಂದು ಮಾತು ಹೇಳಬೇಕು. ಮೊದಲ ದಿನವೇ ಅಕ್ಕನಿಗೆ ಹೇಳಿದ್ದರೆ ಆ ಹನ್ನೊಂದು ದಿನದ ನರಕ ಎಷ್ಟೋ ಬೇಗ ಮುಗಿಯುತ್ತಿತ್ತು. ಹಳೆಯ ಫಿಲಂಗಳನ್ನು ಜೋಪಾನ ಮಾಡಿ. ಯಾರಿಗೆ ಹೇಳಿದರೆ ನೋಯುತ್ತಾರೆ ಅಂತ ಮುಚ್ಚಿಡುತ್ತೀರೋ, ಅವರಿಗೇ ಮೊದಲು ಹೇಳಿ.

ಡಾಕ್ಟರು ಫಿಲಂನ ಫೋಟೋ ತೆಗೆದಿಟ್ಟುಕೊಂಡು ಅದನ್ನು ನಮಗೇ ಕೊಟ್ಟರು. ಆ ದಿನ ಅಕ್ಕ ಮಧುಗಿರಿಯಲ್ಲಿ ನಮ್ಮ ಮನೆಯಲ್ಲೇ ಉಳಿದಳು. ಬೆಳಗ್ಗೆ ಎದ್ದು ನೋಡಿದರೆ ಗಿರಿಜ ಹೊಸಲಿನ ಸ್ಟಿಕ್ಕರನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದಳು. ಅಕ್ಕ ನೆಲ ಸಾರಿಸಿ, ನನ್ನ ಎದೆಯನ್ನು ಹಾಸಿ, ಪುಡಿ ಉದುರಿಸಿ ಮೆಲ್ಲಗೆ ಎತ್ತಿದಳು. ತಾವರೆ ಅರಳಿತು. ಮೇಲಿನ ಒಂದು ದಳದಲ್ಲಿ ಒಂದು ಚುಕ್ಕಿಯ ಜಾಗ ಖಾಲಿ ಇತ್ತು.

ಅಕ್ಕ ಪುಡಿಯ ಬಟ್ಟಲನ್ನು ನನ್ನ ಕಡೆ ಚಾಚಿದಳು. “ಇವತ್ತು ನೀನೇ ಇಕ್ಕು.”

ನಾನು ಹುಟ್ಟಿದಾರಭ್ಯ ರಂಗೋಲಿ ಪುಡಿ ಮುಟ್ಟಿದವನಲ್ಲ. ಎರಡು ಬೆರಳಲ್ಲಿ ಹಿಡಿದು ಬಗ್ಗಿದೆ. ಪುಡಿ ಒಮ್ಮೆಗೇ ಜಾರಿ ಚುಕ್ಕಿ ದಪ್ಪಗೆ ಬಿತ್ತು. ಒರೆಸೋಣ ಅಂತ ಕೈ ಚಾಚಿದರೆ ಅಕ್ಕ ತಡೆದಳು.

“ಇರ್ಲಿ ಬುಡು” ಅಂದಳು. “ಅದು ಮೊದ್ಲಿಂದ್ಲೂ ಸ್ವಲ್ಪ ದಪ್ಪಕೇ ಇತ್ತು.”